ಶೆಲ್ಫಿಗೆ ಬಾರದ ಸಿನಿಮಾ

ಲವೋನ್ ಬನ್ನಿಗೆ ಬೆಣ್ಣೆ ಸವರುತ್ತಿದ್ದಾಗ ಊರಿನ ಕರ್ಟಿಸ್ ಕಾಫಿ ಲೋಟ ಹಿಡಿದು ಅಡುಗೆಮನೆಯೊಳಗೇ ಬಂದ. ಮೇಲೆ ಚರ್ಚಿನಲ್ಲಿ ಆರ್ಲೆನ್‌ನ ಶವಪೆಟ್ಟಿಗೆ, ಕೆಳಗೆ ನೆಲಮಾಳಿಗೆಯಲ್ಲಿ ಊಟ.

"ಒಂದೇ ಬೇಜಾರು ನೋಡು," ಎಂದ. "ಅವ್ನು ತೆಗೆದ ಸಿನಿಮಾನ ನಾನು ನೋಡ್ಲೇ ಇಲ್ಲ. ಅವ್ನ ವಿಡಿಯೊ ಅಂಗಡಿಗೆ ಯಾವಾಗ ಹೋದ್ರೂ ಶೆಲ್ಫ್ ಖಾಲಿ."

"ನಂಗೂ ಸಿಗ್ಲಿಲ್ಲ," ಎಂದಳು ಹ್ಯಾಮ್ ಮಾಂಸ ಕತ್ತರಿಸುತ್ತಿದ್ದ ಪಾದ್ರಿಯ ಹೆಂಡತಿ. "ಊರೆಲ್ಲಾ ಮುಗಿಬಿದ್ದಿದೆ ಅಂದ್ಕೊಂಡೆ."

"ಕೌಂಟರಲ್ಲೇ ಇದ್ನಲ್ಲ, ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದಳು ಲವೋನ್.

"ನಿಂಗ್ಯಾಕೆ ತೊಂದ್ರೆ ಅಂತ," ಎಂದ ಕರ್ಟಿಸ್.

ಈ ಊರಿನವರೇ ಹಾಗೆ. ತಮ್ಮ ಮನೆಗೆ ಬೆಂಕಿ ಬಿದ್ದರೂ ಪಕ್ಕದವರ ಊಟ ಮುಗಿಯಲಿ ಎಂದು ಕಾಯುವ ಜನ. ಲವೋನ್‌ಳ ಕೈ ನಿಂತುಹೋಯಿತು.

*

ಅಮೆರಿಕದ ಮಿನೆಸೋಟ ರಾಜ್ಯದ ಮೂರು ಊರುಗಳಲ್ಲಿ ಆರ್ಲೆನ್‌ನ ವಿಡಿಯೊ ಅಂಗಡಿಗಳಿದ್ದವು. ಬೇರೆಯವರ ಸಿನಿಮಾ ಬಾಡಿಗೆಗೆ ಕೊಟ್ಟೂ ಕೊಟ್ಟೂ ತಾನೇ ಒಂದು ತೆಗೆಯುವ ಹುಚ್ಚು ಹತ್ತಿತು. ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯುತ್ತಾ ಜಗಳವಾಡುವ ಮೂವರ ಕತೆ; ನಟರು ತಾನೂ ತನ್ನ ತಮ್ಮಂದಿರಿಬ್ಬರೂ.

ಇದ್ದ ಆರೇ ಕ್ಯಾಸೆಟ್ಟುಗಳನ್ನು ಈ ಊರಿನ ಅಂಗಡಿಯಲ್ಲಿ ಬಾಗಿಲಿಗೆದುರಾಗಿ ಇಟ್ಟ. ಮೊದಲ ವಾರ ಯಾರೂ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಬಂದು ಅವನ್ನು ನೋಡಿ, ಮುಖ ಸಣ್ಣದು ಮಾಡಿಕೊಂಡು ಕೋಟು ಕಳಚುತ್ತಿದ್ದ. ಆ ಮುಖ ನೋಡಲಾರದೆ ಕೌಂಟರಿನ ಲವೋನ್ ಆರನ್ನೂ ತಾನೇ ಬಾಡಿಗೆಗೆ ತೆಗೆದುಕೊಂಡು ಮನೆಗೊಯ್ದಳು.

"ಎಲ್ಲಾ ಹೋಗಿವೆ, ಆರ್ಲೆನ್."

"ಆರೂನಾ?"

"ಆರೂ."

ಅಂದು ಆರ್ಲೆನ್ ಅಂಗಡಿಗೆ ಬಂದವರಿಗೆಲ್ಲ ಸೇಬಿನ ಸಿಹಿ ಪೈ ಹಂಚಿದ. ಆಮೇಲೆ ನಿಜ ಹೇಳಲು ಅವಳಿಗೆ ಬಾಯಿ ಬರಲಿಲ್ಲ; ವಾಪಸ್ಸಿಟ್ಟರೆ ಮತ್ತೆ ಯಾರೂ ಮುಟ್ಟರೆಂಬ ಭಯಕ್ಕೆ ತಾನೇ ಬಾಡಿಗೆ ಕಟ್ಟುತ್ತಾ ಹೋದಳು. ಅಂಗಡಿ ಶಾಶ್ವತವಾಗಿ ಮುಚ್ಚುವವರೆಗೂ ಆ ಶೆಲ್ಫು ಖಾಲಿಯೇ ಇತ್ತು.

*

ಲವೋನ್ ಬೆಣ್ಣೆಯ ಕೈಯಲ್ಲೇ ಹೋಗಿ ಆರ್ಲೆನ್‌ನ ಹೆಂಡತಿ ಮಾರ್ಡೆಲ್‌ಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು. "ನೋಡೋರಿದ್ರು, ಮಾರ್ಡೆಲ್. ನಾನೇ ಅಡ್ಡ ಬಂದ್ಬಿಟ್ಟೆ."

ಮಾರ್ಡೆಲ್ ಅವಳ ಕೈಗೊಂದು ಕರವಸ್ತ್ರ ತುರುಕಿದಳು. "ಈಗೆಲ್ಲಿವೆ?"

"ನಮ್ಮನೇಲಿ."

"ಮತ್ತೆ ಇಲ್ಲಿ ನಿಂತು ಅಳ್ತಿದ್ರೆ ಹೇಗೆ? ಹೋಗಿ ತಗೊಂಡ್ಬಾ."

ಲವೋನ್ ಕ್ಯಾಸೆಟ್ಟು ತರುವಷ್ಟರಲ್ಲಿ ಚರ್ಚಿನ ಮಕ್ಕಳ ಪಾಠದ ಕೋಣೆಯಿಂದ ಹಳೆಯ ಟೀವಿಯನ್ನೂ ವಿಸಿಆರ್ ಅನ್ನೂ ಹೊತ್ತು ತಂದರು. ತೆರೆಯ ಮೇಲೆ ಆರ್ಲೆನ್ ಮಂಜುಗಡ್ಡೆಗೆ ತೂತು ಕೊರೆಯುತ್ತಾ ತಮ್ಮನಿಗೆ ಬೈಯತೊಡಗಿದ. ಮೊದಲು ಕರ್ಟಿಸ್ ನಕ್ಕ, ಆಮೇಲೆ ಇಡೀ ನೆಲಮಾಳಿಗೆ. ಈ ನಗು ಕೇಳಬೇಕಾದವನು ಮೇಲೆ ಮಲಗಿದ್ದಾನಲ್ಲ ಎಂದು ಲವೋನ್ ಒಮ್ಮೆ ಛಾವಣಿಯತ್ತ ನೋಡಿದಳು.

ಸ್ಮಶಾನಕ್ಕೆ ಹೊರಡುವ ಹೊತ್ತು ಮೀರಿತ್ತು. ಶವದ ಗಾಡಿಯ ಚಾಲಕ ಮೆಟ್ಟಿಲಿಳಿದು ಬಂದು ಮೆಲ್ಲಗೆ ಕೆಮ್ಮಿದ.

"ಹೊರಡೋಣ್ವಾ ಅಮ್ಮಾ?"

"ತಡಿಯಪ್ಪಾ," ಎಂದಳು ಮಾರ್ಡೆಲ್, ತೆರೆಯಿಂದ ಕಣ್ಣು ಕೀಳದೆ. "ನಮ್ಮನೆಯವ್ರಿಗೇನೂ ಅವಸರ ಇಲ್ಲ."

ಚಾಲಕ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಟೋಪಿ ತೆಗೆದು, ಒಂದು ಕುರ್ಚಿ ಎಳೆದುಕೊಂಡು ಕೂತ.