ಅಪ್ಪ ಕೂರಿಸಿದ ತಡೆ

ಟಣ್ ಎಂದು ಲೋಹಕ್ಕೆ ಲೋಹ ಬಡಿಯಿತು, ಎಂಜಿನ್ ನಿಂತೇಹೋಯಿತು. ಮಗಳು ತಲೆ ಚಚ್ಚಿಕೊಂಡಳು. ಅವಳೇ ಕಟ್ಟಿದ, ನಿನ್ನೆ ಸಂಜೆ ಸೊಗಸಾಗಿ ಓಡಿದ್ದ ಎಂಜಿನ್ನಿಗೆ ಇವತ್ತೇನು ದೊಡ್ಡರೋಗ ಬಂತು? ಮಧ್ಯಾಹ್ನ ಕಾಲೇಜಿನ ಪರೀಕ್ಷಕರು ಅಪ್ಪನ ಈ ರಿಪೇರಿ ಶೆಡ್ಡಿಗೇ ಬರುವವರಿದ್ದರು. ಅವರೆದುರು ಓಡದಿದ್ದರೆ ಅವಳ ಎರಡು ವರ್ಷದ ದುಡಿಮೆ ನೀರಲ್ಲಿ ಹೋಮ.

ಸಿಲಿಂಡರ್ ಬಿಚ್ಚಿದಳು. ಪಿಸ್ಟನ್ ಬಿರುಕು ಬಿಟ್ಟಿತ್ತು. ಸಿಲಿಂಡರಿನ ತುದಿಯಲ್ಲಿ ಅವಳು ಹಾಕಿರದ ಒಂದು ಉಕ್ಕಿನ ಬಳೆ ಬಿಗಿಯಾಗಿ ಕೂತಿತ್ತು. ಅದರ ಅಂಚು ಎಷ್ಟು ನಯವಾಗಿತ್ತೆಂದರೆ, ಯಾರ ಕೈಕೆಲಸವೆಂದು ಕೇಳಬೇಕಾಗಿಯೇ ಇರಲಿಲ್ಲ.

“ಅಪ್ಪಾ! ಇದೇನಿದು?”

ಜೀವಮಾನವೆಲ್ಲ ಕ್ರ್ಯಾಂಕ್‌ಶಾಫ್ಟ್ ರಿಪೇರಿ ಮಾಡಿದ ಅಪ್ಪ ಲೋಹ ಕಡೆಯುವ ಲೇತಿನ ಹತ್ತಿರದಿಂದಲೇ ಗೊಣಗಿದರು. “ನಾನೇ ಬೆಳಿಗ್ಗೆ ಕೂರಿಸಿದೆ ಕಣೇ. ನಿನ್ನ ಪಿಸ್ಟನ್ನಿಗೆ ಲಂಗುಲಗಾಮೇ ಇಲ್ಲ. ಬೇರೆ ಎಂಜಿನ್ನಿನ ಹಾಗೆ ತಿರುಗೋ ಕ್ರ್ಯಾಂಕ್ ಇದ್ದಿದ್ರೆ, ಇಷ್ಟೇ ದೂರ ಹೋಗು, ಇಲ್ಲಿಂದ ವಾಪಸ್ ಬಾ ಅಂತ ಹಿಡಿದು ಎಳೀತಿತ್ತು. ಇದನ್ನ ಹಿಡಿಯೋರ್ಯಾರು? ಸಿಲಿಂಡರಿನ ತಲೆ ಒಡ್ಕೊಂಡು ನಿನ್ನ ಮುಖಕ್ಕೇ ಹಾರಿದ್ರೆ?”

“ಅಯ್ಯೋ ನನ್ನ ಕರ್ಮವೇ! ಎಷ್ಟು ಸಲ ಬಾಯಿ ಬಡ್ಕೊಂಡೆ! ತುದೀಲಿ ಅದುಮಿಕೊಂಡ ಗಾಳಿ ಇರುತ್ತಲ್ಲ, ಅದೇ ವಾಪಸ್ ನೂಕುತ್ತೆ. ಪಿಸ್ಟನ್ ಜೊತೆಗಿರೋ ಅಯಸ್ಕಾಂತ ತಂತಿ ಸುತ್ತಿದ ಕಾಯಿಲ್ ಒಳಗೆ ಹೋಗಿ ಬಂದು ನೇರವಾಗಿ ಕರೆಂಟು ಕೊಡುತ್ತೆ. ತಿರುಗೋದು ಅಂತ ಏನೂ ಬೇಕಿಲ್ಲ. ಒಂದ್ಸಲ ಒಂಚೂರು ಹೆಚ್ಚು ಹೋಗುತ್ತೆ, ಒಂದ್ಸಲ ಕಮ್ಮಿ. ಹೋಗ್ಲಿ ಬಿಡಿ! ಅದಕ್ಕೆ ತಕ್ಕ ಹಾಗೆ ನಾನು ಪೆಟ್ರೋಲ್ ಹೊಂದಿಸ್ತೀನಿ. ನೀವು ಅಡ್ಡ ಇಟ್ಟಿದ್ದಕ್ಕೇ ಅದು ಬಡ್ಕೊಂಡಿದ್ದು!”

ಅಪ್ಪ ಪಿಸ್ಟನ್ ಎತ್ತಿಕೊಂಡು ಹೊರಳಿಸಿ ನೋಡಿದರು. ಮುಖ ಸಣ್ಣದಾಯಿತು.

“ನಿನಗೆ ಪೆಟ್ಟಾಗಬಾರದು ಅಂತ…”

“ಗೊತ್ತಪ್ಪಾ! ಅದಕ್ಕೇ ನಿಮ್ಮನ್ನ ನೆಟ್ಟಗೆ ಬೈಯೋಕೂ ಆಗಲ್ಲ!” ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ. ಇಂಥ ಅಪ್ಪನ ಜೊತೆ ಏಗುವುದಕ್ಕಿಂತ ಹತ್ತು ಎಂಜಿನ್ ಕಟ್ಟುವುದು ಸುಲಭ. “ಇನ್ನೊಂದು ಪಿಸ್ಟನ್ ಮಾಡಿಕೊಡಿ. ನಾನು ಹೇಳಿದ ಅಳತೆಗೆ. ನಿಮ್ಮದು ಅಂತ ಏನೂ ಸೇರಿಸಬೇಡಿ.”

ಅಪ್ಪ ಲೇತಿನ ಮುಂದೆ ನಿಂತರು. ಊಟಕ್ಕೂ ಬರಲಿಲ್ಲ.

ಪರೀಕ್ಷಕರ ಕಾರು ಬಾಗಿಲಿಗೆ ಬರುವ ಹೊತ್ತಿಗೆ ಹೊಸ ಪಿಸ್ಟನ್ ಸಿಲಿಂಡರಿನೊಳಗಿತ್ತು. ಈ ಎಂಜಿನ್ ಚಾಲೂ ಮಾಡಿದಾಗಲೆಲ್ಲ ಅಪ್ಪ ಏನಾದರೊಂದು ನೆಪ ತೆಗೆದು ಹೊರಗೆ ಹೋಗುತ್ತಿದ್ದರು. ಇವತ್ತು ಹೋಗಲಿಲ್ಲ. ಅವಳ ಪಕ್ಕಕ್ಕೇ ಬಂದು, ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿ, ಕಣ್ಣು ಮುಚ್ಚಿ ನಿಂತರು. ಅವಳು ಗುಂಡಿ ಒತ್ತಿದಳು.

ಎಂಜಿನ್ ಗುರುಗುಟ್ಟಿತು. ಮೇಜಿನ ಮೇಲಿನ ಬಲ್ಬು ಹೊತ್ತಿಕೊಂಡಿತು. ಪರೀಕ್ಷಕರು ಒಂದಾದ ಮೇಲೊಂದು ಪ್ರಶ್ನೆ ಕೇಳಿದರು, ಅವಳು ಉತ್ತರಿಸುತ್ತಲೇ ಇದ್ದಳು. ಅಪ್ಪ ಇನ್ನೂ ಕಣ್ಣು ತೆರೆದಿರಲಿಲ್ಲ.