ಕೊಳಕ್ಕೆ ಇಳಿಯದ ಬೇಸಿಗೆ

ಮಾಲೇಕಲ್ಲಿನ ಕಡೆ ಒಂದು ಊರು. ಗುಡಿಯ ಬೀದಿಯಲ್ಲಿ ಹದಿನಾರು ಮನೆ, ಬೀದಿಯ ಕೊನೆಗೆ ಮೆಟ್ಟಿಲುಗಳ ಕೊಳ. ಬೇಸಿಗೆ ಬಂತೆಂದರೆ ಆ ಬೀದಿಯ ಯಾವುದಾದರೂ ಜಗಲಿಯ ಮೇಲೆ ಒಬ್ಬರು ಕಾಲು ಚಾಚಿ ಕೂತೇ ಇರುತ್ತಿದ್ದರು. ಮೊದಲು ಉರಿ, ಆಮೇಲೆ ಬೊಬ್ಬೆ. ಬೊಬ್ಬೆ ಒಡೆದರೆ ಬಿಳಿ ದಾರದಂಥ ಹುಳು. ನಾರುಹುಣ್ಣು.

ಆ ವರ್ಷ ಅರ್ಚಕ ಪಾರ್ಥಸಾರಥಿಯವರ ಎಡಗಾಲಲ್ಲೂ ಹುಣ್ಣೆದ್ದು ಊದಿಕೊಂಡಿತು. ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪದ ಪೂಜೆ ಎಲ್ಲಿ ನಿಂತುಹೋಗುತ್ತದೋ ಎಂದು ಹೆಂಡತಿ ಶ್ರೀರಂಗಮ್ಮನಿಗೆ ಚಿಂತೆ ಹತ್ತಿತು. ಅವರು ಮಾತ್ರ ಕುಂಟಿಕೊಂಡೇ ಬೆಳಗಿನ ಜಾವ ಕೊಳಕ್ಕೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ದೇವರ ಕೊಡ ತುಂಬಿಸಿ ತರುತ್ತಿದ್ದರು.

ಅದೇ ತಿಂಗಳು ಮೈಸೂರಿನ ವಿಶ್ವವಿದ್ಯಾನಿಲಯದಿಂದ ಸಾವಿತ್ರಮ್ಮ ಎಂಬ ವೈದ್ಯೆ ಇಬ್ಬರು ವಿದ್ಯಾರ್ಥಿಗಳೊಂದಿಗೆ ಅರಸೀಕೆರೆಯ ಬಸ್ಸಿನಲ್ಲಿ ಬಂದಿಳಿದರು. ಶ್ರೀರಂಗಮ್ಮ ಮೊದಲು ಮುಖ ಕೊಟ್ಟು ಮಾತಾಡಲಿಲ್ಲ. ಕೊಳಕ್ಕೆ ಏನೋ ಔಷಧಿ ಸುರಿದು ದೇವರ ನೀರು ಕೆಡಿಸುತ್ತಾರೆಂದು ಆಕೆಯ ಅನುಮಾನ. ಸಾವಿತ್ರಮ್ಮ ಏನನ್ನೂ ಸುರಿಯಲಿಲ್ಲ. ಯಾವ ಮನೆಯಲ್ಲಿ ಯಾರಿಗೆ ಯಾವ ವರ್ಷ ಈ ಹುಣ್ಣು ಬಂತು, ಅಷ್ಟು ತಿಳಿದರೆ ಸಾಕು ಎಂದರು. ನಮ್ಮನ್ನು ಯಾರೂ ಒಳಗೆ ಕರೆಯುವುದಿಲ್ಲ, ನೀವೇ ಕೇಳಿ ಬಂದರೆ ನಾವು ಬರೆದುಕೊಳ್ಳುತ್ತೇವೆ ಎಂದು ಆ ಕೆಲಸವನ್ನು ಶ್ರೀರಂಗಮ್ಮನಿಗೇ ಒಪ್ಪಿಸಿದರು.

ಎಂಟು ದಿನ ಆಕೆ ಮನೆಮನೆ ಸುತ್ತಿದರು. ಗುಡಿಯ ಬೀದಿಯ ಹದಿನಾರು ಮನೆಗಳಲ್ಲಿ ಹನ್ನೊಂದಕ್ಕೆ ಹುಣ್ಣು ಬಂದಿತ್ತು. ಆಚೆ ಒಕ್ಕಲಿಗರ ಬೀದಿಯಲ್ಲಿ ಒಬ್ಬರಿಗೂ ಇಲ್ಲ. ಆಕೆಗೆ ಇದು ಬಿಡಿಸಲಾಗದ ಕಗ್ಗಂಟಾಯಿತು.

"ಇಷ್ಟೊಂದು ಮಡಿ ಮಾಡೋರು ನಾವು. ಅವರಿಗೆ ಬರದ್ದು ನಮಗೇ ಯಾಕೆ ಬರತ್ತೆ, ಹೇಳಿ ನೋಡೋಣ."

"ನನಗೂ ಅದೇ ಕುತೂಹಲ," ಎಂದರು ಸಾವಿತ್ರಮ್ಮ. "ಅವರನ್ನೇ ಕೇಳೋಣ."

ಹಾಲು ಕೊಡಲು ಬಂದ ಭಾಗಮ್ಮ ಆ ಬೀದಿಯವಳೇ. ಕೇಳಿದ್ದಕ್ಕೆ ನಕ್ಕಳು.

"ನಮ್ದು ಸೇದೋ ಬಾವಿ ಕಣ್ರಮ್ಮಾ. ಹಗ್ಗ ಇಳೀತೈತೆ, ನಾವ್ಯಾಕೆ ಇಳಿಯಾನ? ನಿಮ್ಮ ಅಯ್ನೋರಂಗೆ ನೀರೊಳಗೆ ನಿಂತ್ಕೊಳಕ್ಕೆ ನಮಗೆಲ್ಲೈತೆ ಪುರುಸೊತ್ತು."

ಸಾವಿತ್ರಮ್ಮ ಒಂದು ಗಾಜಿನ ಲೋಟದಲ್ಲಿ ಕೊಳದ ನೀರು ತರಿಸಿ, ಬಿಸಿಲಿಗೆ ಹಿಡಿದು, ಶ್ರೀರಂಗಮ್ಮನ ಕೈಗೆ ಭೂತಗನ್ನಡಿ ಕೊಟ್ಟರು. ನೀರಿನಲ್ಲಿ ಚುಕ್ಕೆಗಳು. ಚುಕ್ಕೆಗಳು ಜಿಗಿಯುತ್ತಿದ್ದವು. ಹುಣ್ಣಿರುವ ಕಾಲು ನೀರಿಗೆ ಇಳಿದಾಗ ಹುಳು ಸಾವಿರಾರು ಮರಿ ಬಿಡುತ್ತದೆ, ಈ ಜಿಗಿಯುವ ಚುಕ್ಕೆಗಳು ಆ ಮರಿಗಳನ್ನು ನುಂಗುತ್ತವೆ, ಆ ನೀರು ಕುಡಿದವರ ಮೈಯಲ್ಲಿ ಮರಿ ಬೆಳೆದು ಒಂದು ವರ್ಷಕ್ಕೆ ಹೊರಗೆ ಬರುತ್ತದೆ ಎಂದು ಸಾವಿತ್ರಮ್ಮ ನಿಧಾನವಾಗಿ ವಿವರಿಸಿದರು.

ಜಗಲಿಯ ಮೇಲಿದ್ದ ಪಾರ್ಥಸಾರಥಿಯವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕಾಲು ನೀರಿನಲ್ಲಿಟ್ಟಾಗಲೇ ಅವರಿಗೆ ಉರಿ ತಣಿಯುತ್ತಿತ್ತು.

"ಹಾಗಾದರೆ ಬೀದಿಗೆಲ್ಲ ಹಂಚುತ್ತಾ ಇರೋನು ನಾನೇ."

"ನಿಮಗೆ ತಿಳಿದಿರಲಿಲ್ಲ, ಸ್ವಾಮಿ."

ಆಮೇಲೆ ಸಾವಿತ್ರಮ್ಮ ದೇವರ ನೀರನ್ನು ಗುಡಿಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಎರಡು ಪದರ ಮಾಡಿದ ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸೋಸುತ್ತೇವೆ, ತಲೆತಲಾಂತರದಿಂದ ಬಂದ ಪದ್ಧತಿ ಎನ್ನುತ್ತಲೇ ಶ್ರೀರಂಗಮ್ಮ ಅಡಿಗೆಮನೆಯ ಹಂಡೆಯ ಕಡೆ ತಿರುಗಿದರು.

"ದೇವರಿಗೆ ಸೋಸ್ತೀವಿ. ನಾವು ಹಾಗೇ ಕುಡೀತೀವಿ."

ಅಂದಿನಿಂದಲೇ ಹಂಡೆಯ ಬಾಯಿಗೂ ಬಟ್ಟೆ ಕಟ್ಟಿದರು. ಕೊಳಕ್ಕೆ ಇಳಿಯದೆ ದೇವರಿಗೆ ನೀರು ತರುವುದು ಹೇಗೆಂದು ಪಾರ್ಥಸಾರಥಿಯವರು ಎರಡು ದಿನ ಯೋಚಿಸಿದರು. ಕೊಳ ಬತ್ತಿದ ವರ್ಷ ತಮ್ಮ ತಾತ ಬಾವಿಯಿಂದ ಸೇದಿ ತಂದಿದ್ದು ನೆನಪಾಯಿತು. ಭಾಗಮ್ಮನ ಗಂಡ ಜವರಣ್ಣ ತೆಂಗಿನ ತೊಲೆ ತಂದು, ಕೊಳದ ಮೆಟ್ಟಿಲಿಲ್ಲದ ಬದಿಯ ಗೋಡೆಯ ಮೇಲೆ ರಾಟೆ ಕಟ್ಟಿಕೊಟ್ಟ. ಹುಳುವನ್ನು ಜಗ್ಗಬಾರದು, ದಿನಕ್ಕಿಷ್ಟು ಕಡ್ಡಿಗೆ ಸುತ್ತಬೇಕು ಎಂದು ವಿದ್ಯಾರ್ಥಿಗಳು ಕಲಿಸಿಕೊಟ್ಟರು. ಪಾರ್ಥಸಾರಥಿಯವರ ಕಾಲು ಮಾಯುವವರೆಗೆ ಅವರ ತಮ್ಮ ಸಂಪತ್ಕುಮಾರ ಸೇದಿ ತಂದ ನೀರಿನಲ್ಲೇ ಪೂಜೆ ನಡೆಯಿತು. ಒಂದು ದಿನವೂ ತಪ್ಪಲಿಲ್ಲ. ಬೀದಿಯ ಉಳಿದ ಮನೆಯವರೂ ಒಬ್ಬೊಬ್ಬರಾಗಿ ರಾಟೆಯಿಂದ ಸೇದಿ, ಬಟ್ಟೆಯಲ್ಲಿ ಸೋಸಿ ಕುಡಿಯತೊಡಗಿದರು.

ಮರುವರ್ಷವೂ ಇಬ್ಬರಿಗೆ ಹುಣ್ಣು ಎದ್ದಿತು. ಎದುರು ಮನೆಯ ಕನಕಲಕ್ಷ್ಮಿ, ನಿಮ್ಮ ಮೈಸೂರಿನವರ ವಿದ್ಯೆ ಇಷ್ಟೇ ಎಂದು ಹಂಗಿಸಿದಳು.

"ಇದು ಹೋದ ವರ್ಷ ಕುಡಿದ ನೀರು ಕಣೇ," ಎಂದರು ಶ್ರೀರಂಗಮ್ಮ. "ಆ ಇಬ್ಬರೂ ಕೊಳಕ್ಕೆ ಇಳಿಯದ ಹಾಗೆ ನೋಡ್ಕೋ. ಆಮೇಲೆ ಮಾತಾಡು."

ಮೂರನೆಯ ಬೇಸಿಗೆಗೆ ವಿದ್ಯಾರ್ಥಿಗಳು ಪುಸ್ತಕ ಹಿಡಿದು ಬಂದಾಗ ಬರೆಯಲು ಒಂದು ಹೆಸರೂ ಇರಲಿಲ್ಲ. ಜಗಲಿಗಳೆಲ್ಲ ಖಾಲಿ. ರಾಟೆಯ ಕಿರುಗುಟ್ಟುವ ಸದ್ದು ಕೇಳುತ್ತಿತ್ತು. ಕನಕಲಕ್ಷ್ಮಿ ನೀರು ಸೇದುತ್ತಿದ್ದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಒಂದು ಕೊಳ ಇದ್ದೀತು. ಹುಣ್ಣಿರುವ ಕಾಲು ಅದರ ನೀರನ್ನು ಮುಟ್ಟದಿರಲಿ. ಕುಡಿಯುವ ನೀರನ್ನು ಒತ್ತು ನೇಯ್ಗೆಯ ಬಟ್ಟೆಯಲ್ಲಿ ಎರಡು ಪದರ ಮಾಡಿ ಸೋಸಿ. ಬೇರೆ ಕಾಯಿಲೆಗಳ ಭಯವಿದ್ದರೆ ಕುದಿಸಿಯೂ ಕುಡಿಯಿರಿ. ಕೇಳಿ ತಿಳಿಯಲು ಯಾರಾದರೂ ನಿಮ್ಮೂರಿಗೆ ಬಂದರೆ ಜಗಲಿಯ ಮೇಲೆ ಕೂರಿಸಿ, ಅವರೊಂದಿಗೆ ನೀವೂ ನಾಲ್ಕು ಮನೆ ಕೇಳಿ ಬನ್ನಿ. ನಿಮ್ಮ ಬೀದಿಯ ಕಥೆ ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?