ಭಾನುವಾರದ ತೂಕ

ಆ ಮನೆಯಿಂದ ಹೊರಗೆ ಕಾಲಿಡಬೇಕೆಂದರೆ ಅಂಗಡಿಯನ್ನು ಹಾದೇ ಹೋಗಬೇಕಿತ್ತು. ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ; ಮುಂದೆ ಮೊಳೆ, ಬೋಲ್ಟು, ಸರಪಳಿ, ಬಣ್ಣದ ಡಬ್ಬ ಮಾರುವ ಅಂಗಡಿ; ನಡುವೆ ಅಡ್ಡಕ್ಕೆ ಕೌಂಟರು. ಕೌಂಟರಿನ ಒಂದು ಕೊನೆಯಲ್ಲಿ ಎತ್ತಿ ಮಡಚುವ ಹಲಗೆ. ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತ ಗಂಡ ಎದ್ದು ಅದನ್ನು ಎತ್ತಿಕೊಡಬೇಕು. ಎದ್ದವನು “ಎಲ್ಲಿಗೆ?” ಅನ್ನದೆ ಇರುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ಸಂಶಯದಿಂದಲೂ ಅಲ್ಲ. ಗಿರಾಕಿಯನ್ನು “ಏನು ಬೇಕು?” ಎಂದು ಕೇಳುವ ಹಾಗೆ, ಬಾಯಿಗೆ ಅಂಟಿಕೊಂಡ ಮಾತು. ಆದರೆ ಕೇಳಿದ ಮೇಲೆ ಏನಾದರೂ ಹೇಳಬೇಕಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಆ ಹಲಗೆಯ ಹತ್ತಿರ ಬರುತ್ತಿದ್ದಳು. ತರಕಾರಿಗೆ. ಔಷಧಿಗೆ. ಅತ್ತೆಯ ಕನ್ನಡಕದ ರಿಪೇರಿಗೆ. ಉತ್ತರ ಇಲ್ಲದ ದಿನ ಹಲಗೆಯ ಹತ್ತಿರ ಬರುತ್ತಲೇ ಇರಲಿಲ್ಲ.

ಐವತ್ತು ಹತ್ತಿರವಾದಾಗ ಮಂಡಿ ಹಿಡಿದುಕೊಂಡಿತು. ಡಾಕ್ಟರಮ್ಮ ಅವಳನ್ನು ತೂಕಕ್ಕೆ ನಿಲ್ಲಿಸಿ ತಲೆ ಅಲ್ಲಾಡಿಸಿದರು. “ದಿನಾ ಬೆಳಿಗ್ಗೆ ಒಂದು ಗಂಟೆ ನಡೀರಿ. ಹತ್ತು ಕೆಜಿ ಇಳೀಲೇಬೇಕು.”

ಡಾಕ್ಟರು ಹೇಳಿದ ಮೇಲೆ ಗಂಡನದು ಎರಡು ಮಾತಿಲ್ಲ. ಮಾರನೆಯ ಬೆಳಿಗ್ಗೆಯೇ ಷಟರ್ ಬೇಗನೆ ಎತ್ತಿದ, ತಾಯಿಗೆ ಚಹಾ ತಾನೇ ಮಾಡಿಕೊಟ್ಟ. ಅದು ಕಲಗಚ್ಚಿನ ಹಾಗಿತ್ತು. ಅತ್ತೆ ಮುಖ ಕಿವುಚಿಕೊಂಡು ಕುಡಿದರು. ಅವಳು ಹೊಸ ಬೂಟು ಹಾಕಿಕೊಂಡು ಹಲಗೆಯ ಹತ್ತಿರ ಬಂದಾಗ ಗಂಡ ಏನೂ ಕೇಳದೆ ಎದ್ದು ಹಲಗೆ ಎತ್ತಿ ದಾರಿ ಬಿಟ್ಟ. ಒಂದು ಹೆಜ್ಜೆ ನಡೆಯುವ ಮೊದಲೇ ಅರ್ಧ ತೂಕ ಇಳಿದ ಹಾಗಾಯಿತು ಅವಳಿಗೆ.

ಲಾಂಡ್ರಿಯ ಹಿಂದಿನ ಕೊಳವೆಯಿಂದ ಸೋಪಿನ ವಾಸನೆಯ ಹಬೆ ಬರುತ್ತಿತ್ತು. ಬಸ್ ಡಿಪೋದಲ್ಲಿ ಬಸ್ಸುಗಳ ಮೈಗೆ ಪೈಪಿನಿಂದ ನೀರು ಹೊಡೆಯುತ್ತಿದ್ದರು. ಅದನ್ನು ದಾಟಿದರೆ ರೈಲು ಹಳಿಗಳ ಮೇಲೆ ಜನ ನಡೆದುಹೋಗುವ ಕಬ್ಬಿಣದ ಸೇತುವೆ. ಅಲ್ಲಿ ಅವಳು ಕಂಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಅಂಗಡಿಯಲ್ಲಿ “ಅಕ್ಕಾ, ಎರಡಿಂಚು ಮೊಳೆ”, “ಅಕ್ಕಾ, ಈ ಬೀಗಕ್ಕೆ ಇನ್ನೊಂದು ಕೀ ಆಗತ್ತಾ”, ಒಳಗಿನಿಂದ “ಹುಡುಗೀ, ನನ್ನ ಮಾತ್ರೆ ಎಲ್ಲಿ”. ಮಂಡಿ ಸವೆದರೂ ಅತ್ತೆಗೆ ಅವಳು ಹುಡುಗಿಯೇ. ಸೇತುವೆಯ ಮೇಲೆ ಮಾತ್ರ ಅವಳಿಂದ ಯಾರಿಗೂ ಏನೂ ಬೇಕಾಗಿರಲಿಲ್ಲ.

ಭಾನುವಾರ ಅರ್ಧ ದಿನದ ವ್ಯಾಪಾರ. ಮಧ್ಯಾಹ್ನ ಷಟರನ್ನು ಅರ್ಧಕ್ಕೆ ಇಳಿಸಿದ ಮೇಲೆ ಮೊಳೆ ಮೂಟೆ ತೂಗುವ ಯಂತ್ರದ ಮೇಲೆ ಗಂಡ ಅವಳನ್ನು ನಿಲ್ಲಿಸುತ್ತಿದ್ದ. ಅವಳ ಮೈಮೇಲೆ ಅಂಗಡಿಯ ನೀಲಿ ಕೋಟು ಇದ್ದೇ ಇರುತ್ತಿತ್ತು. ಅದರ ಜೇಬುಗಳಲ್ಲಿ ಅಳತೆ ಟೇಪು, ಇಕ್ಕಳ, ಕೀ ಗೊಂಚಲು ಜೋತಾಡುತ್ತಿದ್ದವು. “ಇರಲಿ ಬಿಡು, ಅದನ್ನ ಕಳೆದು ಲೆಕ್ಕ ಹಾಕ್ತೀನಿ” ಅನ್ನುತ್ತಿದ್ದ. ಮುಳ್ಳು ವಾರವಾರವೂ ಹಿಂದೆ ಸರಿಯುತ್ತಿತ್ತು. ಬಂದ ಗಿರಾಕಿಗಳಿಗೆಲ್ಲ ಅದನ್ನು ಹೇಳಿ ಹಿಗ್ಗುತ್ತಿದ್ದ.

ಒಂದು ದಿನ ಅಡುಗೆಮನೆಯಲ್ಲಿದ್ದವಳ ಕಿವಿಗೆ ಅವನ ಮಾತು ಬಿತ್ತು. “ಇನ್ನೆರಡು ಕೆಜಿ ಅಮ್ಮಾ. ಇಳಿದುಬಿಟ್ರೆ ನಡೆಯೋದು ಸಾಕು. ಆಮೇಲೆ ಬೆಳಗಿನ ಚಹಾ ಮೊದಲಿನ ಹಾಗೆ ಅವಳದ್ದೇ.”

“ಬದುಕಿಕೊಂಡೆ” ಅಂದರು ಅತ್ತೆ.

ಆ ಮನೆಯ ರೀತಿಯೇ ಹಾಗೆ. ಕೆಮ್ಮು ನಿಂತ ದಿನ ಔಷಧಿಯ ಸೀಸೆಗೆ ಮುಚ್ಚಳ ಬೀಳುತ್ತಿತ್ತು. ಅವಳು ಪಾತ್ರೆ ಉಜ್ಜುತ್ತ ನಿಂತೇ ಇದ್ದಳು. ಒಂದೇ ಪಾತ್ರೆಯನ್ನು ಎಷ್ಟು ಹೊತ್ತು ಉಜ್ಜಿದಳೋ. ಮುಂದಿನ ಭಾನುವಾರ ತೂಕಕ್ಕೆ ನಿಲ್ಲುವ ಮೊದಲು ದಪ್ಪ ಬೋಲ್ಟಿನ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಜೇಬಿಗೆ ಇಳಿಬಿಟ್ಟಳು.

ಮುಳ್ಳು ಅಲ್ಲಾಡದೆ ನಿಂತಿತು.

ಅಲ್ಲಿಂದ ಮುಂದೆ ಮೈ ಇಳಿದಷ್ಟೂ ಕಬ್ಬಿಣ ಏರಿತು. ಎರಡೂ ಜೇಬು ತುಂಬಿ, ಒಳಜೇಬಿಗೂ ಬಂತು. ತೂಕ ಮುಗಿದ ಮೇಲೆ ಯಾರೂ ನೋಡದಾಗ ಬೋಲ್ಟುಗಳನ್ನು ಅವುಗಳ ಡಬ್ಬಿಗೇ ಹಾಕಿಬಿಡುತ್ತಿದ್ದಳು. “ಕೆನ್ನೆ ಒಳಗೆ ಹೋಗಿದೆಯಲ್ಲಕ್ಕಾ” ಎಂದು ಯಾರಾದರೂ ಅಂದರೆ “ಹಲ್ಲು ನೋವು” ಅನ್ನುತ್ತಿದ್ದಳು. ಸುಳ್ಳು ಹೇಳಿದ್ದಕ್ಕೆ ಬೇಜಾರಾಗುತ್ತಿರಲಿಲ್ಲ. ನಡೆಯುವುದಕ್ಕೂ ಸುಳ್ಳು ಬೇಕಾಯಿತಲ್ಲ ಎನ್ನುವುದು ಮಾತ್ರ ಬೇಜಾರು.

ಇತ್ತ ಗಂಡನಿಗೆ ಚಿಂತೆ ಹತ್ತಿತು.

“ಯಾಕೋ ಅಲ್ಲೇ ನಿಂತುಬಿಟ್ಟಿದೆಯಲ್ಲೇ.”

“ವಯಸ್ಸು ರೀ.”

“ದಾರೀಲಿ ನಿಂತು ಹರಟೆ ಹೊಡೀತಾಳೆ” ಅಂದರು ಒಳಗಿನಿಂದ ಅತ್ತೆ. “ಕಾಲಿಗಿಂತ ಬಾಯಿ ಜಾಸ್ತಿ ನಡೀತಿರಬೇಕು.”

ಆ ಭಾನುವಾರ ಎಂದಿನಂತೆ ತೂಕವಾಯಿತು, ಎಂದಿನಂತೆ ಮುಳ್ಳು ಅಲ್ಲೇ ನಿಂತಿತು. ಗಂಡ ಮಾತ್ರ ಆವತ್ತು ನಿಟ್ಟುಸಿರು ಬಿಡಲಿಲ್ಲ. ಅವನ ತುಟಿಯಲ್ಲಿ ಏನೋ ನಗು. ಅವಳು ಯಂತ್ರದಿಂದ ಇಳಿಯುವಷ್ಟರಲ್ಲಿ ಅಂಗಡಿಯ ಖಾಯಂ ಗಿರಾಕಿ ಪೇಂಟರ್ ಷಟರಿನ ಕೆಳಗೆ ಬಗ್ಗಿ, ಕೈಗಾಡಿಯಿಂದ ಉದ್ದನೆಯದೊಂದನ್ನು ಒಳಗೆ ಎಳೆದು ತಂದ. ಇಬ್ಬರೂ ಸೇರಿ ಅದನ್ನು ಕೌಂಟರಿನ ಒಳಗೆ, ಬಣ್ಣದ ಡಬ್ಬಗಳ ಅಲಮಾರಿಗೆ ಮುಖ ಮಾಡಿ ಕೂರಿಸಿದರು. ಕಪ್ಪು ಪಟ್ಟಿ, ಎರಡು ಹಿಡಿ, ಒಂದು ಹಸಿರು ಗುಂಡಿ, ಒಂದು ಕೆಂಪು. ನಿಂತಲ್ಲೇ ನಡೆಯುವ ಯಂತ್ರ.

“ಇನ್ನು ಮಳೆ, ನಾಯಿ, ಲಾರಿ, ಯಾವ ಕಾಟಾನೂ ಇಲ್ಲ” ಅಂದ ಗಂಡ. ಬೆವರಿದ ಮುಖದ ತುಂಬ ಸಂತೋಷ. “ಎರಡು ಹೊತ್ತೂ ನಡಿ. ಗಿರಾಕಿ ಬಂದ್ರೆ ಇಲ್ಲಿಂದಾನೇ ಮಾತಾಡಬಹುದು. ಅಮ್ಮ ಕರೆದ್ರೂ ಕೇಳತ್ತೆ.”

“ಹತ್ತಿ ನೋಡೇ ಹುಡುಗಿ” ಅಂದರು ಅತ್ತೆ ಬಾಗಿಲಿಗೆ ಕುರ್ಚಿ ಎಳೆದುಕೊಂಡು.

ಅವಳು ಗಂಡನ ಮುಖ ನೋಡಿದಳು. ಬೈದು ಮನೆಯಲ್ಲಿ ಕೂರಿಸಿದ್ದರೆ ಎದುರು ಬೈಯಬಹುದಿತ್ತು. ಇವನು ಆಸೆಪಟ್ಟು ತಂದಿದ್ದಾನೆ; ಇದಕ್ಕೆ ಏನು ಹೇಳುವುದು?

“ನಾಳೆ ಹತ್ತುತ್ತೀನಿ ಬಿಡಿ.”

“ನಾಳೆ ಯಾಕೆ? ಪೇಂಟರಣ್ಣ ಇಷ್ಟು ದೂರ ಎಳ್ಕೊಂಡು ಬಂದಿದ್ದಾನೆ, ನೋಡಲಿ.” ಅವಳ ತೋಳು ಹಿಡಿದು ಹತ್ತಿಸಿ ಹಸಿರು ಗುಂಡಿ ಒತ್ತಿಯೇಬಿಟ್ಟ.

ಕಾಲ ಕೆಳಗೆ ಪಟ್ಟಿ ಓಡತೊಡಗಿತು. ಅವಳು ನಡೆದಳು. ಕಣ್ಣೆದುರಿಗೆ ನೀಲಿ ಡಬ್ಬ, ಹಳದಿ ಡಬ್ಬ, ತುಕ್ಕು ತಡೆಯುವ ಕೆಂಪು ಡಬ್ಬ. ಎಷ್ಟು ನಡೆದರೂ ಅವು ಹತ್ತಿರವೂ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಕೋಟಿನ ಜೇಬುಗಳು ತೊಡೆಗೆ ಬಡಿಯುತ್ತಿದ್ದವು. ಕೈಯಿಂದ ಅದುಮಿಕೊಳ್ಳೋಣವೆಂದರೆ ಹಿಡಿ ಬಿಟ್ಟರೆ ಬೀಳುವ ಭಯ. ತಿಂಗಳುಗಟ್ಟಲೆ ಕಬ್ಬಿಣ ಹೊತ್ತ ಹೊಲಿಗೆ ಎಷ್ಟು ದಿನ ತಡೆದೀತು? ಬಲಗಡೆಯ ಜೇಬು ಪರ್ರನೆ ಹರಿಯಿತು.

ಮೊದಲ ಬೋಲ್ಟು ಪಟ್ಟಿಯ ಮೇಲೆ ಬಿದ್ದು, ಹಿಂದಕ್ಕೆ ಹಾರಿ ಪೇಂಟರನ ಮೊಣಕಾಲಿಗೆ ತಾಗಿತು. ಬೆನ್ನಿಗೇ ಹತ್ತಾರು. ಕೌಂಟರಿಗೆ, ಕುರ್ಚಿಯ ಕಾಲಿಗೆ, ಸರಪಳಿಯ ಸುರುಳಿಗೆ ಠಣ್ ಠಣ್ ಎಂದು ಬಡಿದವು. ಗಂಡ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಅವಳೇ ತಡಕಾಡಿ ಕೆಂಪು ಗುಂಡಿ ಒತ್ತಿದಳು. ಕೊನೆಯ ಬೋಲ್ಟು ನಿಧಾನವಾಗಿ ಉರುಳುತ್ತ ಹೋಗಿ ಅತ್ತೆಯ ಚಪ್ಪಲಿಯ ಹತ್ತಿರ ನಿಂತಿತು.

“ಅಕ್ಕಾ, ನಿಮ್ಮ ಮೈಯೆಲ್ಲ ಅಂಗಡಿನೇ ಆಗಿದೆಯಲ್ಲ” ಅಂದ ಪೇಂಟರ್ ಮೊಣಕಾಲು ಉಜ್ಜಿಕೊಳ್ಳುತ್ತ.

ಗಂಡ ಮಂಡಿಯೂರಿ ಬೋಲ್ಟು ಆರಿಸತೊಡಗಿದ. ಅಭ್ಯಾಸಬಲದಿಂದ ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ ಬೇರೆ ಮಾಡುತ್ತಲೂ ಇದ್ದ. ಅವಳು ಕೋಟು ಕಳಚಿ ಕೌಂಟರಿನ ಮೇಲಿಟ್ಟು, ತಾನೇ ಹೋಗಿ ಮೂಟೆ ತೂಗುವ ಯಂತ್ರದ ಮೇಲೆ ನಿಂತಳು. ಮುಳ್ಳು ಡಾಕ್ಟರಮ್ಮ ಹೇಳಿದ್ದಕ್ಕಿಂತಲೂ ಹಿಂದೆ ಹೋಗಿ ನಿಂತಿತು. ಗಂಡ ಅದನ್ನು ನೋಡಿದ, ಅವಳನ್ನು ನೋಡಿದ.

“ಇಳಿದಿದೆ.”

“ಯಾವಾಗಲೋ ಇಳೀತು.”

“ಮತ್ತೆ ಯಾಕೇ ಇದೆಲ್ಲ?”

“ಇಳಿದ್ರೆ ಸಾಕು ಅಂತಿದ್ರಿ.”

“ಮೂರು ತಿಂಗಳು ಆ ಕಲಗಚ್ಚು ಕುಡಿದೆನಲ್ಲ ನಾನು” ಅಂದರು ಅತ್ತೆ. “ಬೋಲ್ಟಿಗೋಸ್ಕರ.”

ಗಂಡ ಎದ್ದು ನಿಂತ. ಅವನ ದನಿಯಲ್ಲಿ ನೋವೇ ಹೆಚ್ಚಿತ್ತು. “ನಾನು ಯಾವತ್ತಾದ್ರೂ ಹೋಗಬೇಡ ಅಂದಿದ್ದೀನಾ?”

“ಇಲ್ಲ. ಎಲ್ಲಿಗೆ ಅಂತೀರಿ.”

“ಎಲ್ಲಿಗೆ ಅಂತ ಕೇಳಲೂಬಾರದಾ?”

“ಕೇಳಬಹುದು. ನನ್ನ ಹತ್ತಿರ ಉತ್ತರ ಇರಲ್ಲ.”

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದಾಗ ಅವನು ಕೈಗೆ ಕೆಲಸ ಹುಡುಕುವ ಮನುಷ್ಯ. “ಪಟ್ಟಿ ಹರಿದುಹೋಯ್ತೋ ಏನೋ” ಎನ್ನುತ್ತ ತಾನೇ ಯಂತ್ರ ಹತ್ತಿ ಹಸಿರು ಗುಂಡಿ ಒತ್ತಿದ. ಪಟ್ಟಿ ಓಡಿತು. ಅವನು ಹೊಟ್ಟೆ ಕುಲುಕಿಸುತ್ತ ನಡೆದ.

“ಅಲ್ಲಾ, ಎಷ್ಟು ನಡೆದ್ರೂ ಇದೇ ಡಬ್ಬಾನೇ ಕಾಣತ್ತಲ್ಲೇ” ಅಂದ.

ಹಲಗೆಯ ಪಕ್ಕದ ಸ್ಟೂಲು ಖಾಲಿ ಇರುವುದು ಅವಳ ಕಣ್ಣಿಗೆ ಬಿದ್ದಿತ್ತು. ಹೋಗಿ ಹಲಗೆ ಎತ್ತಿದಳು. ಅದು ಇಷ್ಟು ಹಗುರ ಅಂತ ಗೊತ್ತಿರಲಿಲ್ಲ.

“ಎಲ್ಲಿಗೇ?” ಅಂದರು ಅತ್ತೆ.

ಹಲಗೆ ಹಿಡಿದುಕೊಂಡೇ ಹುಡುಕಿದಳು. ತರಕಾರಿ ಇತ್ತು, ಔಷಧಿ ಇತ್ತು, ಕನ್ನಡಕ ನೆಟ್ಟಗಿತ್ತು.

“ಗೊತ್ತಿಲ್ಲ ಅತ್ತೆ.”

ಷಟರಿನ ಕೆಳಗೆ ಬಗ್ಗುವಾಗ ಮಂಡಿ ನೋಯಲಿಲ್ಲ. ಒಂದು ಕಾಲು ಆಗಲೇ ಬೀದಿಯಲ್ಲಿತ್ತು. ಹಿಂದಿನಿಂದ ಏದುಸಿರಿನ ದನಿ ಬಂತು. “ಇವಳೇ, ಇದನ್ನ ನಿಲ್ಲಿಸೋದು ಹೇಗೆ?”

ಅವಳ ಇನ್ನೊಂದು ಕಾಲು ಅಲ್ಲೇ ನಿಂತುಬಿಟ್ಟಿತು. ಕರೆದರೆ ನಿಲ್ಲುವುದು ಆ ಕಾಲಿಗೆ ಅಷ್ಟು ರೂಢಿ.

“ಕೆಂಪು ಗುಂಡಿ” ಅಂದಳು, ತಿರುಗದೆ.

ಬೀದಿ ಖಾಲಿ ಇತ್ತು. ಕೋಟಿಲ್ಲದ ಹೆಗಲಿಗೆ ಏನೋ ಮರೆತುಬಂದ ಹಾಗೆ ಅನ್ನಿಸುತ್ತಿತ್ತು. ಅತ್ತೆಯ ಸಂಜೆ ಮಾತ್ರೆಯ ಹೊತ್ತಿಗೆ ವಾಪಸ್ಸು ಬರಲೇಬೇಕು, ಅದು ಅವಳಿಗೆ ಗೊತ್ತಿತ್ತು. ನಾಳೆ ಬೆಳಿಗ್ಗೆ ಆ ಸ್ಟೂಲಿನ ಮೇಲೆ ಯಾರಾದರೂ ಕೂತೇ ಇರುತ್ತಾರೆ, ಅದೂ ಗೊತ್ತಿತ್ತು. ಹಿಂದೆ ಯಂತ್ರದ ಸದ್ದು ನಿಂತಿತು. ಇನ್ನು ಕರೆಯುತ್ತಾರೆ ಅಂದುಕೊಂಡು ಲಾಂಡ್ರಿಯ ಮೂಲೆಯವರೆಗೂ ನಿಧಾನವಾಗಿಯೇ ನಡೆದಳು. ಯಾರೂ ಕರೆಯಲಿಲ್ಲ. ಮೂಲೆ ತಿರುಗಿದ ಮೇಲೆ ಸ್ವಲ್ಪ ಜೋರಾಗಿ ನಡೆದಳು.